ಯಶೋದೆ ಮಗುವನ್ನು ಕೆಳಗಿಳಿಸಿದ ಹೊತ್ತು

ಭಾಗವತದ ಹತ್ತನೆಯ ಸ್ಕಂಧದಲ್ಲಿ, ರಾಕ್ಷಸರ ವಧೆಯ ಅಬ್ಬರದ ನಡುವೆ ಸುಲಭವಾಗಿ ಕಣ್ತಪ್ಪಿಹೋಗುವ ಒಂದು ಪುಟ್ಟ ಸಂಗತಿ ಇದೆ. ಯಶೋದೆ ವರ್ಷದ ಕೂಸು ಕೃಷ್ಣನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದಾಡುತ್ತಿರುತ್ತಾಳೆ. ಇದ್ದಕ್ಕಿದ್ದ ಹಾಗೆ ಮಗು ಬೆಟ್ಟದ ಕೋಡಿನಷ್ಟು ಭಾರವಾಗುತ್ತದೆ. ಅವಳಿಂದ ತಡೆಯಲಾಗುವುದಿಲ್ಲ. ಇದೇನಿದು ಎಂದು ಬೆರಗಾಗಿ, ಮಗುವನ್ನು ನೆಲಕ್ಕಿಳಿಸಿ, ತನ್ನ ಕೆಲಸಕ್ಕೆ ತೊಡಗುತ್ತಾಳೆ. ಅದಕ್ಕೇ ಕಾದಿದ್ದವನಂತೆ ತೃಣಾವರ್ತ ಸುಂಟರಗಾಳಿಯಾಗಿ ಬಂದು ಮಗುವನ್ನು ಹೊತ್ತೊಯ್ಯುತ್ತಾನೆ.

ಕೊನೆಗೆ ರಾಕ್ಷಸನೇ ಸತ್ತು ಬೀಳುತ್ತಾನೆ, ಮಗು ಅವನ ಎದೆಯ ಮೇಲೆ ಆರಾಮಾಗಿ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ನಡುವಿನ ಹೊತ್ತಿನಲ್ಲಿ ನಡೆದದ್ದು ಏನು? ಯಶೋದೆ ನೆಲಕ್ಕೆ ಬಿದ್ದು ಅಳುತ್ತಾಳೆ. ಅಳು ಕೇಳಿ ಗೋಪಿಯರು ಓಡಿ ಬರುತ್ತಾರೆ, ಅವಳೊಡನೆ ಅಳುತ್ತಾರೆ. ‘ಮಗುವನ್ನು ಯಾಕಮ್ಮ ಕೆಳಗಿಟ್ಟೆ?’ ಎಂದು ಗೋಕುಲದಲ್ಲಿ ಒಬ್ಬರೂ ಕೇಳುವುದಿಲ್ಲ.

ಇನ್ನೆರಡು ಅಧ್ಯಾಯ ದಾಟಿದರೆ ಒರಳಿಗೆ ಕಟ್ಟುವ ಪ್ರಸಂಗ ಬರುತ್ತದೆ. ಎಷ್ಟು ಹಗ್ಗ ತಂದರೂ ಎರಡು ಬೆರಳು ಸಾಲದು. ಅಮ್ಮನ ಮೈ ಬೆವರಿದೆ, ಮುಡಿ ಸಡಿಲಿ ಹೂವು ಉದುರಿದೆ. ಅವಳ ದಣಿವನ್ನು ಕಂಡು ಕನಿಕರಪಟ್ಟು ಕೃಷ್ಣ ತಾನೇ ಕಟ್ಟಿಸಿಕೊಳ್ಳುತ್ತಾನೆ. ಭಕ್ತಿಯ ವ್ಯಾಖ್ಯಾನಕಾರರು ಇಲ್ಲಿ ಪ್ರೇಮಕ್ಕೆ ಸೋತ ಪರಮಾತ್ಮನನ್ನು ಕಾಣುತ್ತಾರೆ. ಅದು ಸರಿಯೇ. ಆದರೆ ಅವನ ಕಣ್ಣಿಗೆ ಮೊದಲು ಬಿದ್ದದ್ದು ಬೆವರು, ಬಿಚ್ಚಿದ ಮುಡಿ, ಅಂದರೆ ದುಡಿದು ಸುಸ್ತಾದ ಒಂದು ಮೈ. ಶಿಶುಪಾಲನೆ ಎಂದರೆ ಪ್ರೀತಿ, ಮಮತೆ, ಸೇವೆ ಎಂದು ಹೇಳುವ ನಮ್ಮ ಮಾತುಗಳಲ್ಲಿ ಆ ಮೈ ಎಲ್ಲಿ ಹೋಯಿತು ಎಂಬುದು ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಗೋಕುಲದಿಂದ ತಾಲ್ಲೂಕು ಕೇಂದ್ರಕ್ಕೆ ತರೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದ ಪಾಲಿಗೆ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಬ್ಬ ಟೀಚರ್, ಒಬ್ಬ ಸಹಾಯಕಿ. ಊರಿನವರ ಬಾಯಲ್ಲಿ ಮಿಸ್ಸು ಮತ್ತು ಆಯಾ. ಅಕ್ಷರಕ್ಕಿಂತ ಮೊದಲಿನ ಕಲಿಕೆ, ಪೂರಕ ಆಹಾರ, ಚುಚ್ಚುಮದ್ದಿನ ದಿನದ ಓಡಾಟ, ತೂಕ, ಎತ್ತರ, ಇವೆಲ್ಲ ಮೊದಲಿನಿಂದಲೂ ಇದ್ದವು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ ಬಂದು ಗರ್ಭಿಣಿಯರಿಗೆ, ಬಾಣಂತಿಯರಿಗೆ ಬಿಸಿಯೂಟ ಬೇಯಿಸುವುದೂ ಸೇರಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂದು ಮೊಬೈಲಿಗೆ ತಲೆ ತಗ್ಗಿಸುವುದೂ ಸೇರಿತು. ಪ್ರತಿಯೊಂದೂ ಒಳ್ಳೆಯ ಯೋಜನೆಯೇ. ಪ್ರತಿಯೊಂದೂ ಹೋಗಿ ಕೂತದ್ದು ಅದೇ ಎರಡು ಸೊಂಟಗಳ ಮೇಲೆ.

ಈ ಕೆಲಸವನ್ನು ನಿಂತು ನೋಡಿದವರಿಗೆ ಅದರ ಭಂಗಿಗಳು ಗೊತ್ತು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವರು ಅಳುವ ಮಗುವಿಗಾಗಿ ಏಳಬೇಕು, ಮತ್ತೆ ಕೂರಬೇಕು. ಮಗುವಿನ ಚಡ್ಡಿ ಬದಲಿಸಲು, ಮೂಗು ಒರೆಸಲು ಕುಕ್ಕರುಗಾಲಿನಲ್ಲಿ ಕೂರಬೇಕು. ಒಂದನ್ನು ಕಂಕುಳಲ್ಲಿ ಏರಿಸಿಕೊಂಡು ಇನ್ನೊಂದರ ಕೈ ಹಿಡಿದು ಬಗ್ಗಿ ನಡೆಯಬೇಕು. ತೂಗುವ ದಿನವಾದರೆ, ಕೊಕ್ಕೆಗೆ ನೇತು ಹಾಕಿದ ತಕ್ಕಡಿಯ ಚೀಲದೊಳಗೆ ಕಾಲು ಝಾಡಿಸುವ ಮಗುವನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತಿ ಕೂರಿಸಬೇಕು. ನಡುವೆ ಅನ್ನದ ಪಾತ್ರೆ ಇಳಿಸಬೇಕು, ನೀರಿನ ಕೊಡ ತರಬೇಕು. ತುಂಬಿದ ಗ್ಯಾಸ್ ಸಿಲಿಂಡರಿನೊಳಗೆ 14.2 ಕಿಲೋ ಅನಿಲ ಇದ್ದರೆ, ಕಬ್ಬಿಣದ ಬುರುಡೆಯ ತೂಕವೂ ಸುಮಾರು ಅಷ್ಟೇ. ಅದು ತಾನಾಗಿ ಒಳಗೆ ನಡೆದು ಬರುವುದಿಲ್ಲ.

ಮಗುವಿನ ತೂಕವನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಮೂರು ವರ್ಷದ ಮಗುವಿನ ನಡುಮಟ್ಟದ ತೂಕ 14 ಕಿಲೋ ಆಸುಪಾಸು, ಐದು ತುಂಬಿದಾಗ 18 ಕಿಲೋ ದಾಟುತ್ತದೆ. ದಿನಕ್ಕೆ ಮೂವತ್ತು ಸಲ ಒಂದಲ್ಲ ಒಂದು ಮಗುವನ್ನು ಎತ್ತಿ ಇಳಿಸಿದರೆ ಲೆಕ್ಕ ನಾಲ್ಕು ಕ್ವಿಂಟಲ್ ಮೀರುತ್ತದೆ. ನಾಲ್ಕು ಕ್ವಿಂಟಲ್ ಮೂಟೆ ಹೊತ್ತ ಹಮಾಲನನ್ನು ಕಂಡರೆ ಯಾರಾದರೂ ‘ಪಾಪ, ದುಡಿದು ಬಂದ’ ಎನ್ನುತ್ತಾರೆ. ಮಕ್ಕಳನ್ನು ಎತ್ತಿದವಳಿಗೆ ‘ಮಕ್ಕಳ ಜೊತೆ ಆಟ ಆಡಿಕೊಂಡು ಇರ್ತೀರಲ್ಲ’ ಎನ್ನುತ್ತಾರೆ. ಇಲ್ಲೊಂದು ವಿಚಿತ್ರವೂ ಇದೆ: ಅಪೌಷ್ಟಿಕತೆಯ ಮಗುವಿಗೆ ಮೊಟ್ಟೆ, ಹಾಲು ಕೊಟ್ಟು ತೂಕ ಏರಿಸುವುದೇ ಅವಳ ಕೆಲಸದ ಯಶಸ್ಸು. ಯಶಸ್ಸು ಹೆಚ್ಚಿದಷ್ಟೂ ಎತ್ತಬೇಕಾದ ಭಾರ ಹೆಚ್ಚುತ್ತದೆ.

ಭಾರ ಎತ್ತುವುದಕ್ಕೆ ವಿಜ್ಞಾನಿಗಳು ಒಂದು ಅಂದಾಜು ಕಟ್ಟಿದ್ದಾರೆ. ಅಮೆರಿಕದ ಔದ್ಯೋಗಿಕ ಸುರಕ್ಷೆಯ ರಾಷ್ಟ್ರೀಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ವಸ್ತು ಮೈಗೆ ಹತ್ತಿರವಿದ್ದು, ಕೈಗೆ ಎಟಕುವ ಎತ್ತರದಲ್ಲಿದ್ದು, ಸೊಂಟ ತಿರುಚದೆ ಎತ್ತುವಾಗ, ಮಿತಿ 23 ಕಿಲೋ. ಅದೇ ವಸ್ತು ನೆಲದ ಮೇಲಿದ್ದು, ಕೈ ಮೈಯಿಂದ ಅರ್ಧ ಮೀಟರ್ ಮುಂದೆ ಚಾಚಿದ್ದರೆ ಆ ಮಿತಿ ಒಂಬತ್ತು ಕಿಲೋಗೆ ಇಳಿದುಬಿಡುತ್ತದೆ. ಸೊಂಟ ತಿರುಗಿಸಿದರೆ, ಪದೇ ಪದೇ ಎತ್ತಿದರೆ ಇನ್ನೂ ಕಡಿಮೆ. ಈ ಸೂತ್ರ ಪೆಟ್ಟಿಗೆಗಳಿಗಾಗಿ ಮಾಡಿದ್ದು. ಪೆಟ್ಟಿಗೆ ಅರ್ಧ ದಾರಿಯಲ್ಲಿ ಹಿಂದಕ್ಕೆ ಬಿಲ್ಲಿನಂತೆ ಬಾಗಿ ‘ಅಮ್ಮ ಬೇಕು’ ಎಂದು ಕಿರುಚುವುದಿಲ್ಲ.

ಬೆನ್ನಿನೊಳಗೆ ಏನಾಗುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಜರ್ಮನಿಯ ಉಲ್ಮ್‌ನಲ್ಲಿ ಹಾನ್ಸ್ ಯೋಆಖಿಮ್ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಬೆನ್ನುಮೂಳೆಯ ಎರಡು ಬಿಲ್ಲೆಗಳ ನಡುವಿನ ಡಿಸ್ಕ್‌ಗೆ ಸಣ್ಣ ಮಾಪಕ ಹಾಕಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರಾಮಾಗಿ ನಿಂತಾಗ ಒತ್ತಡ 0.5 ಮೆಗಾಪಾಸ್ಕಲ್. 20 ಕಿಲೋವನ್ನು ಬೆನ್ನು ಬಗ್ಗಿಸಿ ಎತ್ತಿದಾಗ 2.3, ಮಂಡಿ ಮಡಿಸಿ ಎತ್ತಿದಾಗ 1.7. ಅದೇ ಭಾರವನ್ನು ಎದೆಗೆ ಅವುಚಿ ಹಿಡಿದಾಗ 1.1, ಮೈಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8. ಅಳೆದದ್ದು ಒಬ್ಬನನ್ನೇ, ಹಾಗಾಗಿ ಅಂಕಿಗಳನ್ನು ಎಲ್ಲರಿಗೂ ಹಾಗೇ ಅಂಟಿಸಬಾರದು. ಆದರೂ ಬಗ್ಗುವುದು ಮತ್ತು ಕೈ ಚಾಚುವುದು ಎಷ್ಟು ದುಬಾರಿ ಎಂಬುದು ಗೊತ್ತಾಗುತ್ತದೆ. ಹಲವು ದೇಶಗಳ ಅಧ್ಯಯನಗಳಲ್ಲಿ ಶಿಶುಪಾಲಕಿಯರು ಹೇಳುವ ನೋವಿನ ಜಾಗಗಳೂ ಇದಕ್ಕೆ ಹೊಂದುತ್ತವೆ: ಸೊಂಟ, ಕುತ್ತಿಗೆ, ಭುಜ, ಮಂಡಿ. ಕೂಸುಗಳನ್ನು ಕಂಕುಳ ಕೆಳಗೆ ಕೈಕೊಟ್ಟು ಎತ್ತುವವರಿಗೆ ಹೆಬ್ಬೆರಳ ಬುಡದ ಸ್ನಾಯುರಜ್ಜುವಿನ ಪೊರೆ ಊದಿ ನೋಯುವ ಬಾಧೆ ಬೇರೆ. ಸ್ವಿಸ್ ವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲಿ ಅದನ್ನು ವಿವರಿಸಿದ್ದರಿಂದ ವೈದ್ಯರು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

‘ಪ್ರೀತಿಯಿಂದ ಎತ್ತಿದರೆ ಭಾರ ಗೊತ್ತಾಗುವುದಿಲ್ಲ’ ಎನ್ನುವವರಿದ್ದಾರೆ. ಈ ಮಾತನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಎಷ್ಟೋ ಟೀಚರುಗಳು ತಾವಾಗಿಯೇ ಇದನ್ನು ಹೇಳುತ್ತಾರೆ, ಸುಳ್ಳು ಹೇಳುವುದಿಲ್ಲ. ಕೊರಳಿಗೆ ಜೋತುಬಿದ್ದ ಮಗುವಿನ ಭಾರವೂ ಸಿಮೆಂಟು ಚೀಲದ ಭಾರವೂ ಮನಸ್ಸಿಗೆ ಒಂದೇ ಅಲ್ಲ. ಭಾರ ಗೊತ್ತಾಗದಿರುವುದು ನಿಜ. ಅದು ಡಿಸ್ಕ್‌ಗೆ ಗೊತ್ತಾಗುತ್ತದೆ ಎಂಬುದೂ ಅಷ್ಟೇ ನಿಜ. ಪ್ರೀತಿಯ ಕಾರಣಕ್ಕೇ ಅಪಾಯ ಹೆಚ್ಚು ಎಂದರೂ ತಪ್ಪಲ್ಲ. ಹಮಾಲ ನೋವಾದಾಗ ಮೂಟೆ ಕೆಡವುತ್ತಾನೆ. ಮಗುವನ್ನು ಹಾಗೆ ಯಾರು ಕೆಡವುತ್ತಾರೆ?

ಇಲ್ಲಿಂದ ವಿಷಯ ಶಾಸ್ತ್ರದ ಅಂಗಳಕ್ಕೆ ಬರುತ್ತದೆ. ನಿಷ್ಕಾಮ ಕರ್ಮ, ಸೇವಾಭಾವ, ದೇಹ ನಶ್ವರ ಎಂಬ ಅರಿವು, ಇವು ಭಾರತೀಯ ಚಿಂತನೆಯ ದೊಡ್ಡ ಗಳಿಕೆಗಳು. ಅವುಗಳಿಂದ ಕಷ್ಟದ ಬದುಕಿಗೆ ಅರ್ಥ ಸಿಕ್ಕಿದೆ, ಜನ ಧೈರ್ಯ ಪಡೆದಿದ್ದಾರೆ. ಆದರೆ ಈ ಮಾತುಗಳೆಲ್ಲ ಯಾರು ಯಾರಿಗೆ ಹೇಳುವಂಥವು? ‘ನಾನು ಈ ದೇಹವಲ್ಲ’ ಎಂಬುದು ಸಾಧಕ ತನಗೆ ತಾನೇ ಹೇಳಿಕೊಳ್ಳುವ ಮಾತು. ಅದನ್ನು ಪಕ್ಕದವಳ ಸೊಂಟ ತೋರಿಸಿ ಹೇಳಿದರೆ ವೇದಾಂತವಾಗುವುದಿಲ್ಲ. ಫಲವನ್ನು ಬಿಡು ಎಂದು ಕೃಷ್ಣ ಅರ್ಜುನನಿಗೆ ಹೇಳಿದ, ಅರ್ಜುನನ ಸಂಬಳ ಕೊಡಬೇಕಾದವನಿಗೆ ‘ಅವನಿಗೆ ಕೊಡಬೇಡ’ ಎಂದು ಹೇಳಲಿಲ್ಲ. ತ್ಯಾಗಕ್ಕೆ ಉತ್ತಮ ಪುರುಷವೊಂದೇ ಪುರುಷ. ಇನ್ನೊಬ್ಬರ ಪರವಾಗಿ ಮಾಡಿದ ತ್ಯಾಗಕ್ಕೆ ಬೇರೆ ಹೆಸರಿದೆ.

ಗೀತೆಯೇ ಈ ವಿಷಯದಲ್ಲಿ ಬಹಳ ನಿಷ್ಠುರ. ಹದಿನೇಳನೆಯ ಅಧ್ಯಾಯದಲ್ಲಿ, ಶಾಸ್ತ್ರ ಹೇಳದ ಘೋರ ತಪಸ್ಸಿನಿಂದ ದೇಹವನ್ನೂ ಅದರೊಳಗಿರುವ ತನ್ನನ್ನೂ ಸೊರಗಿಸುವವರನ್ನು ಕೃಷ್ಣ ಆಸುರ ಸ್ವಭಾವದವರೆಂದೇ ಕರೆಯುತ್ತಾನೆ. ಆರನೆಯ ಅಧ್ಯಾಯದಲ್ಲಿ ಊಟ, ನಿದ್ದೆ, ಕೆಲಸದ ಶ್ರಮ ಎಲ್ಲಕ್ಕೂ ಹದ ಇರುವವನಿಗೆ ಮಾತ್ರ ಯೋಗ ಎನ್ನುತ್ತಾನೆ. ಅಲ್ಲಿ ದೇಹ ಉಪೇಕ್ಷೆಗೆ ಒಳಗಾದ ಸರಕಲ್ಲ.

ಕಲ್ಯಾಣದ ಶರಣರಿಗಂತೂ ಅಳತೆ ಎಂಬುದು ಧರ್ಮದ ಒಳಗಿನ ಸಂಗತಿಯೇ ಆಗಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಕಳಿಸಿದ ಕಥೆಯನ್ನು ಆಸೆಯ ಕಥೆಯಾಗಿ ಓದುತ್ತೇವೆ. ಶ್ರಮಕ್ಕೂ ಗಳಿಕೆಗೂ ಒಂದು ಗೆರೆ ಇದೆ, ಆ ಗೆರೆಯನ್ನು ದುಡಿಯುವವಳೇ ಎಳೆಯಬಲ್ಲಳು ಎಂಬುದೂ ಅದರಲ್ಲಿದೆ. ಶರಣರ ಕಾಯಕ ಕೂಲಿಯಿಲ್ಲದ ದುಡಿಮೆಯಾಗಿರಲಿಲ್ಲ. ಕೂಲಿಯಿಂದಲೇ ದಾಸೋಹ ನಡೆಯಬೇಕಿತ್ತು. ಇಂದು ಸರ್ಕಾರಿ ಕಚೇರಿಗಳ ಗೋಡೆಯ ಮೇಲೆ ಕಾಯಕದ ಮಹಿಮೆಯನ್ನು ಬರೆಸುವವರು ಈ ಅರ್ಧವನ್ನು ಬಿಟ್ಟು ಬರೆಸುತ್ತಾರೆ.

ಅಂಗನವಾಡಿಯಲ್ಲಿ ಈ ಮರೆವು ಕಾನೂನಿನ ರೂಪ ತಾಳಿತು. ಟೀಚರಿಗೂ ಸಹಾಯಕಿಗೂ ಸಿಗುವುದು ಸಂಬಳವಲ್ಲ, ಗೌರವಧನ. ಅದರಲ್ಲಿ ಕೇಂದ್ರದ ಲೆಕ್ಕ 2018ರಲ್ಲಿ ಟೀಚರಿಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ಎಂದು ಏರಿತು. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರದು ನಾಗರಿಕ ಹುದ್ದೆಯಲ್ಲ ಎಂದಿತು. 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಪ್ರಕರಣವೊಂದರಲ್ಲಿ, ಅದೇ ನ್ಯಾಯಾಲಯ ಇನ್ನೊಂದು ದಾರಿ ಹಿಡಿಯಿತು: ಇದು ಅರೆಕಾಲದ ಕೆಲಸವೆನ್ನಲಾಗದು, ಅವರು ಪಡೆಯುವುದೂ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ವೇತನವೇ, ಹಾಗಾಗಿ ಗ್ರಾಚ್ಯುಟಿ ಕೊಡಬೇಕು. ಹದಿನೈದು ವರ್ಷಗಳ ಅಂತರದಲ್ಲಿ ಬಂದ ಈ ಎರಡು ತೀರ್ಪುಗಳನ್ನು ಒಟ್ಟಿಗಿಟ್ಟು ಓದಿದರೆ, ಸೇವೆ ಮತ್ತು ದುಡಿಮೆಯ ನಡುವಿನ ಹಳೆಯ ಜಗಳ ಎಷ್ಟು ಹಸಿಯಾಗಿದೆ ಎಂಬುದು ತಿಳಿಯುತ್ತದೆ.

ಕಾರ್ಖಾನೆಯ ಲೋಕದಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. 1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮು, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದು ಎಂದಿತು. 48ನೆಯ ಕಲಮು, ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಶಿಶುವಿಹಾರ ಬೇಕು, ಅದನ್ನು ತರಬೇತಾದ ಹೆಂಗಸರು ನೋಡಿಕೊಳ್ಳಬೇಕು ಎಂದಿತು. ಎರಡೂ ಒಂದೇ ಪುಸ್ತಕದಲ್ಲಿದ್ದವು. ಆದರೂ ಭಾರ ಎಂದಾಗ ಶಾಸನ ಬರೆದವರ ಕಣ್ಣಮುಂದೆ ಬಂದದ್ದು ಬಟ್ಟೆಯ ಗಂಟು, ಕಬ್ಬಿಣದ ತುಂಡು. ಶಿಶುವಿಹಾರದ ಆಯಾ ಎತ್ತುವ ಮಗು ಆ ಪಟ್ಟಿಗೆ ಬರುತ್ತದೆ ಎಂದು ಯಾರಿಗೂ ತೋಚಲಿಲ್ಲವೇನೋ. ಇದಕ್ಕಿಂತ ಎರಡೂವರೆ ಶತಮಾನ ಹಿಂದೆ, 1700ರಲ್ಲಿ, ಇಟಲಿಯ ಬರ್ನಾರ್ದಿನೊ ರಮಾಜೀನಿ ಕಸುಬುದಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದಾಗ ಗಣಿಯವರು, ಕುಂಬಾರರ ಜೊತೆಗೆ ಹಾಲೂಡುವ ದಾದಿಯರಿಗೂ ಒಂದು ಅಧ್ಯಾಯ ಇಟ್ಟಿದ್ದ. ರೋಗಿಯನ್ನು ಕಂಡ ವೈದ್ಯ ‘ನಿನ್ನ ಕಸುಬು ಏನು?’ ಎಂದೂ ಕೇಳಬೇಕು ಎಂದವನು ಅವನೇ. ಸೊಂಟನೋವೆಂದು ಬಂದ ಅಂಗನವಾಡಿ ಸಹಾಯಕಿಗೆ ನಮ್ಮ ಆಸ್ಪತ್ರೆಗಳಲ್ಲಿ ‘ವಯಸ್ಸಾಯ್ತಲ್ಲಮ್ಮ’ ಎಂಬ ಉತ್ತರ ಬೇಗ ಸಿಗುತ್ತದೆ, ಆ ಪ್ರಶ್ನೆ ಅಪರೂಪ.

ಹೊರುವವಳನ್ನು ಯಾರು ಹೊರಬೇಕು ಎಂಬುದನ್ನು ತತ್ವಶಾಸ್ತ್ರದ ಪ್ರಶ್ನೆಯಾಗಿ ಎತ್ತಿದವರಲ್ಲಿ ಅಮೆರಿಕದ ಈವಾ ಫೆಡರ್ ಕಿಟ್ಟೆ ಪ್ರಮುಖರು. ತೀವ್ರ ಅಂಗವೈಕಲ್ಯವಿದ್ದ ಮಗಳನ್ನು ಬೆಳೆಸಿದ ತಾಯಿ ಆಕೆ. 1999ರಲ್ಲಿ ಬಂದ ಅವರ ಪುಸ್ತಕದ ವಾದದ ನಡುಗಂಬ ಇದು: ನ್ಯಾಯದ ಸಿದ್ಧಾಂತಗಳೆಲ್ಲ ಸ್ವತಂತ್ರ, ಸಮಾನ ವ್ಯಕ್ತಿಗಳ ಒಪ್ಪಂದದಿಂದ ಶುರುವಾಗುತ್ತವೆ. ಆದರೆ ಎಲ್ಲರೂ ಒಂದು ಕಾಲಕ್ಕೆ ಯಾರದೋ ಕೈಯಲ್ಲಿ ಬೆಳೆದವರೇ, ಹಾಗಾಗಿ ಆರೈಕೆ ಮಾಡುವವರಿಗೆ ಆರೈಕೆ ಸಿಗುವ ಏರ್ಪಾಡು ಸಮಾಜದ ಹೊಣೆ. ಇದಕ್ಕೆ ಅವರು ಆರಿಸಿಕೊಂಡ ಚಿತ್ರ ಬಾಣಂತಿಯನ್ನು ನೋಡಿಕೊಳ್ಳುವ ಹೆಂಗಸಿನದು. ತಾಯಿ ಕೂಸನ್ನು ನೋಡಿಕೊಳ್ಳಲಿ ಎಂದು ಅವಳು ತಾಯಿಯನ್ನು ನೋಡಿಕೊಳ್ಳುತ್ತಾಳೆ.

ಕನ್ನಡದ ಮನೆಗಳಿಗೆ ಇದು ಹೊಸದೇನಲ್ಲ. ತವರಿನಲ್ಲಿ ಬಾಣಂತನ ಎಂದರೆ ಇದೇ. ಮೈಗೆ ಎಣ್ಣೆ ತೀಡುವುದು, ಹಂಡೆ ಬಿಸಿನೀರು ಹಾಕುವುದು, ಸೊಂಟಕ್ಕೆ ಹಳೆ ಸೀರೆ ಬಿಗಿಯುವುದು, ಭಾರ ಎತ್ತಬೇಡ ಎಂದು ಗದರುವುದು. ಅದರಲ್ಲಿ ಸಲ್ಲದ ಪಥ್ಯಗಳೂ ಇವೆ, ಕೂಡಿಹಾಕುವ ಕಟ್ಟುಪಾಡುಗಳೂ ಇವೆ. ಆದರೂ ಮಗುವನ್ನು ಹೊತ್ತವಳ ಸೊಂಟಕ್ಕೆ ಆಸರೆ ಬೇಕು ಎಂಬ ತಿಳಿವು ಅಜ್ಜಿಯರಿಗಿತ್ತು. ಆ ತಿಳಿವು ರಕ್ತಸಂಬಂಧದ ಹೊಸ್ತಿಲು ದಾಟಲಿಲ್ಲ. ಹೆತ್ತವಳಿಗೆ ಮೂರು ತಿಂಗಳೋ ಐದು ತಿಂಗಳೋ ಸಿಕ್ಕಿತು, ಊರಿನ ಮಕ್ಕಳನ್ನೆಲ್ಲ ಮೂವತ್ತು ವರ್ಷ ಎತ್ತಿದವಳಿಗೆ ಸಿಗಲಿಲ್ಲ. ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಕೂಲಿ ಹೆಂಗಸಿಗೂ ಸಿಗಲಿಲ್ಲ ಎಂಬುದನ್ನು ಸೇರಿಸಿಯೇ ಹೇಳಬೇಕು.

ಹಾಗಾದರೆ ಮಾಡುವುದೇನು? ಉತ್ತರಗಳು ಅಚ್ಚರಿ ಆಗುವಷ್ಟು ಸರಳ. ರೋಮಿನ ಸ್ಯಾನ್ ಲೊರೆಂಜೊದಲ್ಲಿ 1907ರ ಜನವರಿಯಲ್ಲಿ ಮಾರಿಯಾ ಮಾಂಟೆಸ್ಸೊರಿ ಮಕ್ಕಳ ಮನೆ ತೆರೆದ ಮೇಲೆ, ಮಕ್ಕಳ ಅಳತೆಯ ಕುರ್ಚಿ, ಮೇಜು, ಕಪಾಟು ಶಿಶುಶಿಕ್ಷಣದ ಗುರುತಾದವು. ಮಗು ತನ್ನ ಕೆಲಸ ತಾನು ಮಾಡಿಕೊಳ್ಳಲಿ ಎಂಬ ಆ ಆಶಯ ದೊಡ್ಡದು. ಆದರೆ ಅದೇ ಕೋಣೆಯಲ್ಲಿ ದಿನವಿಡೀ ಇರುವ ದೊಡ್ಡವರು ಎಲ್ಲಿ ಕೂರಬೇಕು ಎಂಬುದನ್ನು ಎಷ್ಟೋ ಶಾಲೆಗಳು ಯೋಚಿಸಲಿಲ್ಲ. ಐದೂಕಾಲು ಅಡಿಯ ಟೀಚರ್ ಮಂಡಿ ಎದೆಗೆ ತಾಕುವಂತೆ ಒಂದಡಿಯ ಕುರ್ಚಿಯಲ್ಲಿ ಕೂರುವುದು ನರ್ಸರಿಗಳ ಸಾಮಾನ್ಯ ದೃಶ್ಯ. ಜರ್ಮನಿಯ ಅಪಘಾತ ವಿಮಾ ವ್ಯವಸ್ಥೆಯ ಸಂಶೋಧಕರು ‘ಎರ್ಗೋಕಿಟಾ’ ಎಂಬ ಯೋಜನೆಯಲ್ಲಿ ಶಿಶುವಿಹಾರದ ಶಿಕ್ಷಕಿಯರ ಮೈಗೆ ಸಂವೇದಕ ಕಟ್ಟಿ, ಅವರು ಎಷ್ಟು ಹೊತ್ತು ಬಗ್ಗುತ್ತಾರೆ, ಎಷ್ಟು ಹೊತ್ತು ಮಂಡಿಯೂರುತ್ತಾರೆ ಎಂದು ಅಳೆದರು. ಪೀಠೋಪಕರಣ ಮತ್ತು ಕೆಲಸದ ಕ್ರಮ ಬದಲಿಸಿ ಮತ್ತೆ ಅಳೆದರು. ಆ ಭಂಗಿಗಳ ಹೊತ್ತು ಇಳಿಯಿತು.

ಎಲ್ಲಕ್ಕಿಂತ ಸೊಗಸಾದ ಉಪಾಯವೆಂದರೆ ಮೆಟ್ಟಿಲು. ಬಟ್ಟೆ ಬದಲಿಸುವ ಮೇಜನ್ನು ದೊಡ್ಡವರ ಸೊಂಟದೆತ್ತರಕ್ಕೆ ಇಟ್ಟು, ಅದಕ್ಕೆ ಪುಟ್ಟ ಮೆಟ್ಟಿಲು ಜೋಡಿಸಿದರೆ ಎರಡು ವರ್ಷದ ಮಗು ತಾನೇ ಹತ್ತುತ್ತದೆ. ಟೀಚರ್ ಕೈ ಹಿಡಿದರೆ ಸಾಕು. ಹತ್ತುವ ಮಗುವಿಗೆ ಹೆಮ್ಮೆ, ಎತ್ತದ ಟೀಚರಿಗೆ ಬೆನ್ನು ಉಳಿಯುತ್ತದೆ. ಮಗುವಿನ ಹಿತ ಒಂದು ಕಡೆ, ಪಾಲಕಿಯ ಹಿತ ಇನ್ನೊಂದು ಕಡೆ ಎಂದು ತಕ್ಕಡಿ ಹಿಡಿಯುವವರ ವಾದ ಇಲ್ಲಿ ನಿಲ್ಲುವುದಿಲ್ಲ. ಎತ್ತಿಕೊಂಡೇ ಇರುವುದು ಆರೈಕೆಯ ಒಂದು ರೂಪ, ಕೆಳಗಿಳಿಸಿ ನಡೆಸುವುದು ಇನ್ನೊಂದು. ಎರಡನೆಯದಕ್ಕೆ ಹೆಚ್ಚು ತಾಳ್ಮೆ ಬೇಕು, ಹೆಚ್ಚು ಸಮಯ ಬೇಕು. ಆ ಸಮಯ ಒಬ್ಬಳೇ ಅಡುಗೆಯನ್ನೂ, ಮೊಬೈಲಿನ ದಾಖಲೆಯನ್ನೂ, ಇಪ್ಪತ್ತು ಮಕ್ಕಳನ್ನೂ ನೋಡಿಕೊಳ್ಳುವಾಗ ಸಿಗುವುದಿಲ್ಲ. ‘ಸರಿಯಾಗಿ ಎತ್ತುವುದು ಹೇಗೆ’ ಎಂದು ಒಂದು ದಿನದ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದರಿಂದ ಆಗದ್ದು ಇದಕ್ಕೇ. ಮಂಡಿ ಮಡಿಸಬೇಕು ಎಂದು ಎಲ್ಲರಿಗೂ ಗೊತ್ತು. ಮಡಿಸುವುದಕ್ಕೆ ಪುರುಸೊತ್ತು ಬೇಕು, ಜೊತೆಗೊಂದು ಕೈ ಬೇಕು.

ನರೇಗಾ ಕೂಲಿಕಾರರ ಕೂಸುಗಳಿಗಾಗಿ ರಾಜ್ಯ 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಮೂರು ವರ್ಷದೊಳಗಿನ ಮಕ್ಕಳು ಎಂದರೆ ಎತ್ತುವ ಕೆಲಸ ಇನ್ನೂ ಹೆಚ್ಚು. ಇಂಥ ಕಟ್ಟಡಗಳಿಗೆ ಆಟಿಕೆ, ಗೋಡೆಯ ಚಿತ್ರ, ತೊಟ್ಟಿಲು ಪಟ್ಟಿಯಲ್ಲಿ ಇರುತ್ತವೆ. ಅದೇ ಪಟ್ಟಿಯಲ್ಲಿ ಬೆನ್ನಿಗೆ ಆನಿಕೆಯಿರುವ ದೊಡ್ಡವರ ಕುರ್ಚಿ, ನಿಂತು ಬಟ್ಟೆ ಬದಲಿಸಲು ಕಟ್ಟೆ, ಮಕ್ಕಳು ಹತ್ತುವ ಎರಡು ಮೆಟ್ಟಿಲು, ನಿಂತು ಅಡುಗೆ ಮಾಡಲು ಕಟ್ಟೆ, ಸಿಲಿಂಡರಿಗೆ ಚಕ್ರದ ತಟ್ಟೆ ಸೇರಿದರೆ ಖಜಾನೆ ಬರಿದಾಗುವುದಿಲ್ಲ.

ಪ್ರತಿ ಅಂಗನವಾಡಿಗೂ ತಾಯಂದಿರು ಇರುವ ಬಾಲವಿಕಾಸ ಸಮಿತಿ ಇದೆ. ಮುಂದಿನ ಸಭೆಯಲ್ಲಿ ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ ಮುಗಿದ ಮೇಲೆ ಟೀಚರಮ್ಮ ಎಲ್ಲಿ ಕೂರುತ್ತಾರೆ, ಆಯಾ ಎಷ್ಟು ಸಲ ಬಗ್ಗುತ್ತಾರೆ ಎಂದೂ ಯಾರಾದರೂ ಕೇಳಲಿ. ಬೆಳಿಗ್ಗೆ ಮಗುವನ್ನು ಬಿಡಲು ಹೋಗುವವರು, ಅದು ನಡೆಯುವ ವಯಸ್ಸಿನದಾಗಿದ್ದರೆ, ಕೈಯಿಂದ ಕೈಗೆ ದಾಟಿಸದೆ ಬಾಗಿಲಲ್ಲೇ ಕೆಳಗಿಳಿಸಿ. ಅಳುತ್ತಲೇ ಆದರೂ ಒಳಗೆ ನಡೆದು ಹೋಗಲಿ.